ಕೆಂಪು ಬಿದ್ದ ಮೇಲೆ ಮಾತಿಲ್ಲ

ಶೋಭಾರಾಣಿಯ ಎಡಗಾಲಿನ ಚಪ್ಪಲಿ ಕಾರಿನಿಂದ ಬಿದ್ದುಹೋಯಿತು. ಬಾಗಿಲಿನಿಂದಲ್ಲ, ಕಿಟಕಿಯಿಂದಲೂ ಅಲ್ಲ, ಕಾರಿನ ತಳದಿಂದ.

ಆಷಾಢ ಕಾಲಿಡುವುದರೊಳಗೆ ಮುಗಿಸಿಬಿಡಬೇಕೆಂದು ಅವಳ ಚಿಕ್ಕಮ್ಮ ಏಕನಾಥಮ್ಮ ಹೊಳಲ್ಕೆರೆಯಲ್ಲಿ ಗೃಹಪ್ರವೇಶ ಇಟ್ಟುಕೊಂಡಿದ್ದಳು. ಗಂಡ ಹೆಂಡತಿ ಭರಮಸಾಗರದಿಂದ ಹೊರಟಿದ್ದರು. ದಾರಿಯಲ್ಲೊಂದು ಹಂಪು ಬಂತು. ಕಾರು ಎಗರಿತು, ಶೋಭಾರಾಣಿ ಕಾಲು ಊರಿದಳು, ಕಾಲಡಿಯ ತಗಡು ಹಪ್ಪಳದ ಹಾಗೆ ಮುರಿಯಿತು. ಕಾಲನ್ನು ಹೇಗೋ ಮೇಲಕ್ಕೆ ಎಳೆದುಕೊಂಡಳು, ಚಪ್ಪಲಿ ಬರಲಿಲ್ಲ. ತವರಿನವರು ಕೊಡಿಸಿದ ಹೊಸ ಚಪ್ಪಲಿ ಅದು. ಕಾರು ನಿಲ್ಲಿಸಿ ರಸ್ತೆಯ ಎರಡೂ ಬದಿ ಹುಡುಕಿದರು. ಸಿಗಲಿಲ್ಲ. ಗೃಹಪ್ರವೇಶದ ಮನೆಯಲ್ಲಿ ನೆಂಟರು ಮನೆ ನೋಡುವುದು ಬಿಟ್ಟು ಅವಳ ಕಾಲು ನೋಡಿದರು.

ಉಳಿದ ಬಲಗಾಲಿನ ಚಪ್ಪಲಿಯನ್ನು ಅವಳು ತಂದು ಹೊರಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದಳು. ಬಂದವರೆಲ್ಲ ಏನು ಎಂದು ಕೇಳುವರು, ಅವಳು ಹೇಳುವಳು, ಹೇಳಿದಷ್ಟು ಸಲವೂ ಕಾರಿನ ತೂತು ಒಂದೊಂದು ಅಂಗುಲ ದೊಡ್ಡದಾಗುವುದು. ಶನಿವಾರ ಗಂಡನಿಗೆ ತೀರ್ಪು ಹೇಳಿದಳು.

"ನೋಡ್ರಿ, ನನ್ನ ಚಪ್ಪಲಿ ತಂದ್ಕೊಡ್ರಿ, ವ್ಯಾನು ಇಟ್ಕಳ್ರಿ, ನಾನೇನೂ ಅನ್ನಲ್ಲ. ಇಲ್ಲ ಅಂದ್ರೆ ನಾಳೆ ಸಂಜಿಗೆ ಗುಜರಿಯವ್ನು ಬರ್ತಾನೆ, ಅವ್ನಿಗೆ ಕೊಟ್ಬಿಡ್ರಿ. ಎರಡ್ರಾಗೆ ಒಂದು."

"ಅದು ವ್ಯಾನಲ್ಲ, ಕಾರು" ಎಂದ ಮಾರುತೇಶ್.

ನಿಜ ಹೇಳಬೇಕೆಂದರೆ ಅದು ವ್ಯಾನೇ. ಊರಿಗೆ ಊರೇ ಅದನ್ನು ವ್ಯಾನು ಅನ್ನುತ್ತಿತ್ತು. ಆದರೆ ಮಾರುತೇಶನ ಅಪ್ಪ ಚಿಕ್ಕತಿಮ್ಮಪ್ಪ ಅದನ್ನು ಕೊಂಡು ತಂದ ದಿನ ಬೀದಿಯಲ್ಲಿ ನಿಂತು "ಕಾರು ತಂದೆ ಕಣ್ರಪ್ಪ" ಎಂದಿದ್ದ. ಅವತ್ತಿನಿಂದ ಆ ಮನೆಯಲ್ಲಿ ಅದು ಕಾರು. ಅಪ್ಪ ಹೋದ, ಕಾರು ಉಳಿಯಿತು. ಮಾರುತೇಶನಿಗೆ ಅದರ ಮೇಲೆ ಪ್ರಾಣ. ಅದನ್ನು ಸುತ್ತಿಗೆಯಲ್ಲಿ ಬಡಿದು ತೂಕಕ್ಕೆ ಹಾಕುತ್ತಾರೆಂದು ನೆನೆದರೇ ಎದ್ದು ಹೋಗಿ ಅದರ ಗಾಜು ಒರೆಸಿ ಬರುತ್ತಿದ್ದ.

ಚಪ್ಪಲಿಯನ್ನಂತೂ ತರಲಾರ. ಅದಕ್ಕೆ ಇನ್ನೊಂದು ಉಪಾಯ ಹುಡುಕಿದ. ತೂತಿಗೆ ಸೋಮವಾರ ತಗಡು ಬೆಸುಗೆ ಹಾಕಿಸುವುದು. ಅದಕ್ಕೂ ಮುಂಚೆ, ಭಾನುವಾರವೇ, ಗಾಡಿಯ ಬೆನ್ನುಮೂಳೆಯಾದ ಚಾಸಿಗೆ ತುಕ್ಕು ಹಿಡಿಯದ ಕೆಂಪು ಪೇಂಟನ್ನು ತಾನೇ ಹೊಡೆಯುವುದು. ಕೆಳಗಿನಿಂದ ಗಟ್ಟಿಯಾದ ಕಾರನ್ನು ನೋಡಿದರೆ ಹೆಂಡತಿಯ ಮನಸ್ಸು ಕರಗೀತು.

ಮಾರುತೇಶ್ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರು. ಆಸಿಡ್ಡಿನ ಸೀಸೆಗಳ ನಡುವೆ ಬಾಳಿ ಅವನಿಗೆ ಜಾಗ್ರತೆ ಅನ್ನುವುದು ರಕ್ತಕ್ಕೆ ಇಳಿದಿತ್ತು. ಸ್ಕೂಟರನ್ನು ಗೇಟಿನಿಂದ ಆಚೆಗೆ ತಳ್ಳುವುದಕ್ಕೂ ಹೆಲ್ಮೆಟ್ಟು ಹಾಕುವ ಮನುಷ್ಯ. ಪೇಂಟು ಹೊಡೆಯುವ ವೀಡಿಯೋವನ್ನು ಫೋನಿನಲ್ಲಿ ಬಾಯಿಪಾಠವಾಗುವಷ್ಟು ಸಲ ನೋಡಿದ. ಬಯಲಿನಲ್ಲಿ ಹೊಡೆಯಬೇಕು, ಆವಿ ಕುಡಿಯಬಾರದು, ಹತ್ತಿರದಲ್ಲಿ ಬೆಂಕಿ ಇರಬಾರದು, ಬ್ಯಾಟರಿ ವೈರು ಬಿಚ್ಚಿಡಬೇಕು, ಬರೀ ಜಾಕಿನ ಮೇಲೆ ನಂಬಿಕೆಯಿಟ್ಟು ಗಾಡಿಯ ಕೆಳಗೆ ನುಗ್ಗಬಾರದು. ಅವನಿಗೆ ಆ ವೀಡಿಯೋ ಮಾಡಿದವನ ಮೇಲೆ ಗೌರವ ಬಂತು.

ಬಯಲು ಇದ್ದದ್ದು ಕೆರೆ ಏರಿಯ ಪಕ್ಕ, ಈರಬಸಪ್ಪನ ಪಂಕ್ಚರ್ ಅಂಗಡಿಯ ಹಿಂದೆ. ಗಾಳಿಯ ಕಂಪ್ರೆಸರ್ರೂ ಅಲ್ಲೇ ಇತ್ತು. ಈರಬಸಪ್ಪ ಸ್ಪ್ರೇ ಗನ್ನನ್ನೂ ಹುಡುಕಿಕೊಟ್ಟು, ನಾಲ್ಕು ಕಡೆ ಸೈಜುಗಲ್ಲು ಜೋಡಿಸಿ ಕಾರನ್ನು ಅದರ ಮೇಲೆ ಕೂರಿಸಿದ.

"ಆಷಾಢದ ಗಾಳಿ ಐತಿ, ಒಳಗೆ ಹೊಡ್ಕಳ್ರಿ ಸಾರ್" ಎಂದ.

"ಬಯಲಾಗೇ ಹೊಡೀಬೇಕು ಈರಬಸಪ್ಪ. ಸೇಫ್ಟಿ."

ಅಂಗಡಿಯ ಪಕ್ಕದಲ್ಲೇ ಓಬವ್ವನ ಮೆಣಸಿನಕಾಯಿ ಬಜ್ಜಿಯ ಗಾಡಿ. ಅವಳ ಒಲೆಯನ್ನೂ ಆರಿಸು ಎಂದ ಮಾರುತೇಶ್.

"ಭಾನುವಾರ ಐತಪ್ಪ ಇವತ್ತು. ನಿನ್ನ ವ್ಯಾನಿಗೆ ಬಣ್ಣ ಹಚ್ಚಾಕೆ ನಾನ್ಯಾಕೆ ಒಲೆ ಆರ್ಸಬೇಕು?"

"ಪೇಂಟಿನ ಆವಿಗೆ ಬೆಂಕಿ ತಗಲ್ತೈತಿ ಓಬವ್ವ. ನಿನ್ನ ಒಳ್ಳೇದಕ್ಕೇ ಹೇಳ್ತಿರಾದು. ಮತ್ತೆ, ಇದು ಕಾರು."

ಓಬವ್ವ ಒಲೆ ಆರಿಸಿ, ಇವನಿಗೆ ಎದುರಾಗಿ ಕುಕ್ಕರಗಾಲಲ್ಲಿ ಕುಳಿತಳು. ಏನಾದರೂ ಎಡವಟ್ಟಾದರೆ ಮೊದಲು ತಾನೇ ನೋಡಬೇಕೆಂಬುದು ಅವಳ ಆಸೆ.

ಮಾರುತೇಶ್ ಕಾರಿಗೆ ಕಲೆಯಾಗದಂತೆ ಹಳೆಯ ದುಪ್ಪಟಿಗಳನ್ನು ಹೊದಿಸಿದ. ತಾನು ಕೊರಳವರೆಗೆ ರೇನ್‌ಕೋಟು ತೊಟ್ಟ. ಕೈಗೆ ಗ್ಲೌಸು, ಕಣ್ಣಿಗೆ ಲ್ಯಾಬಿನ ಕನ್ನಡಕ, ಮೂಗುಬಾಯಿಗೆ ದಪ್ಪನೆಯ ಮಾಸ್ಕು. ಕೆಳಗೆ ಮಲಗಿದಾಗ ಬೋಲ್ಟು ಗೀಲ್ಟು ತಲೆಯ ಮೇಲೆ ಬಿದ್ದರೆ ಎಂದು, ಎಲ್ಲದರ ಮೇಲೆ ಭಾಮೈದನ ದೊಡ್ಡ ಹೆಲ್ಮೆಟ್ಟು. ಹೆತ್ತ ತಾಯಿ ಬಂದಿದ್ದರೂ ಯಾರಪ್ಪ ನೀನು ಎಂದು ಕೇಳುತ್ತಿದ್ದಳು.

ಗೋಣಿತಾಟಿನ ಮೇಲೆ ಮಲಗಿ ಕಾರಿನ ಕೆಳಗೆ ಸರಿದ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿದ. ಅವನದೇ ಉಸಿರಿಗೆ ಕನ್ನಡಕ ಮಂಜಾಗಿ ಏನೂ ನೆಟ್ಟಗೆ ಕಾಣುತ್ತಿರಲಿಲ್ಲ. ಚಾಸಿಯ ಎಡಭಾಗದಲ್ಲಿ, ಅಡ್ಡಪಟ್ಟಿಯ ಸಂದಿನಲ್ಲಿ, ಕೆಸರು ಮೆತ್ತಿದ ಅಗಲವಾದ ತುಂಡೊಂದು ಬ್ರಷ್ಷಿಗೆ ಜಗ್ಗದೆ ಕೂತಿತ್ತು. ತಡವಿ ನೋಡಿದ, ಎಲ್ಲೂ ಒಂದು ಚಕ್ಕೆ ತುಕ್ಕಿಲ್ಲ. ಇಷ್ಟಾದರೂ ಗಟ್ಟಿಯಾಗಿದೆಯಲ್ಲ ಎಂದು ಮನಸ್ಸಿಗೆ ಸಮಾಧಾನವಾಗಿ, ಅಭಿಮಾನದಿಂದ ಆ ತುಂಡಿಗೆ ಎರಡು ಕೋಟು ಹೆಚ್ಚಾಗಿಯೇ ಹೊಡೆದ.

ಅಲ್ಲಿಯವರೆಗೆ ಎಲ್ಲ ಸುಸೂತ್ರವಾಗಿತ್ತು. ಹಿಂಭಾಗಕ್ಕೆ ಪೇಂಟು ಹೊಡೆಯಲೆಂದು ಹೊರಗೆ ಬಂದಾಗ ಕೆರೆ ಏರಿಯಿಂದ ಇಳಿದು ಜುಂಜಯ್ಯ ಬರುತ್ತಿದ್ದ. ಹಿಂದೆ ಅವನ ಕುರಿ ಹಿಂಡು, ತುಟಿಯಲ್ಲಿ ಹೊತ್ತಿದ ಬೀಡಿ.

ಬೀಡಿಯ ಕೆಂಡ ಕಂಡದ್ದೇ ಮಾರುತೇಶನಿಗೆ ವೀಡಿಯೋದ ಬೆಂಕಿಯ ಮಾತು ನೆನಪಾಯಿತು. ಗನ್ನು ಹಿಡಿದ ಕೈಯನ್ನೇ ಬೀಸಿ ಕೂಗಿದ.

"ಅತ್ಲಾಗೆ ಹೊಡಿ ಜುಂಜಯ್ಯ, ಅತ್ಲಾಗೆ."

ಮಾಸ್ಕನ್ನೂ ಹೆಲ್ಮೆಟ್ಟನ್ನೂ ದಾಟಿ ಬರುವಷ್ಟರಲ್ಲಿ ಅತ್ಲಾಗೆ ಎಂಬುದು ಇತ್ಲಾಗೆ ಆಗಿತ್ತು. ಕುರಿಗಳ ರಕ್ತ ಹೀರುವ ಉಣ್ಣೆ ಹುಳಕ್ಕೆ ಔಷಧಿ ಹೊಡೆಯಲು ದನದ ಡಾಕ್ಟರ ಕಡೆಯವರು ಬರುತ್ತಾರೆಂದು ಜುಂಜಯ್ಯ ದಿನಾ ಕಾಯುತ್ತಿದ್ದ. ಈಗ ನೋಡಿದರೆ ರೇನ್‌ಕೋಟು, ಗ್ಲೌಸು, ಕೈಯಲ್ಲಿ ಪಂಪು. ಅವನ ಮುಖ ಅರಳಿತು, ಡಾಕ್ಟರ ಕಡೆಯವರೆಂಬ ಮರ್ಯಾದೆಗೆ ಬೀಡಿ ಹೊಸಕಿ ಹಾಕಿದ.

"ಬಂದ್ರಾ ಸಾರ್? ಇಗಳ್ರಿ, ಹೊಡ್ಕಂಡು ಬಂದೆ" ಎಂದು ಇಡೀ ಹಿಂಡನ್ನು ನೇರ ಅವನ ಮುಂದಕ್ಕೆ ಅಟ್ಟಿದ.

ಮಾರುತೇಶ್ ಗಾಬರಿಯಲ್ಲಿ ಗನ್ನಿನ ಕುದುರೆಯನ್ನು ಒತ್ತಿ ಹಿಡಿದಿದ್ದ. ಬೇಡ ಬೇಡ ಎಂದು ಕೈ ಬೀಸಿದಷ್ಟೂ ಪೇಂಟು ಹಾರಿತು. ಆಷಾಢದ ಗಾಳಿ ತನ್ನ ಪಾಲಿನ ಕೆಲಸ ಮಾಡಿತು. ಪೇಂಟು ತಾಗಿದ ಕುರಿಗಳು ತಾಗದವುಗಳಿಗೆ ಮೈ ಉಜ್ಜಿ ಉಳಿದದ್ದನ್ನು ಪೂರೈಸಿದವು.

"ಕೆಂಪಗೈತಿ ಔಷಧಿ. ಹುಳ ಸಾಯ್ತವೆ ಬಿಡ್ರಿ" ಎಂದು ಜುಂಜಯ್ಯ ಮೆಚ್ಚಿಕೊಂಡ.

ಈರಬಸಪ್ಪ ಓಡಿಬಂದು ಕಂಪ್ರೆಸರ್ ನಿಲ್ಲಿಸುವ ಹೊತ್ತಿಗೆ ಬಿಳಿಕುರಿ ಕರಿಕುರಿ ಅನ್ನುವ ಭೇದ ಆ ಹಿಂಡಿನಲ್ಲಿ ಅಳಿದಿತ್ತು. ಅವನು ವಿಷಯ ತಿಳಿಸಿದ. ಜುಂಜಯ್ಯ ತಲೆಯ ಮೇಲೆ ಕೈ ಹೊತ್ತು ಕುಳಿತ. ಈರಬಸಪ್ಪ ಡಬ್ಬಿಯ ಮೇಲಿನ ಅಕ್ಷರ ಓದಿ ಸಮಾಧಾನ ಹೇಳಿದ.

"ಹತ್ತು ವರ್ಷ ತುಕ್ಕು ಹಿಡಿಯಲ್ಲ ಅಂತ ಬರ್ದೈತಿ. ಇನ್ನು ನಿನ್ನ ಕುರಿಗೆ ಏನೂ ಚಿಂತಿಲ್ಲ ಬಿಡಪ್ಪ."

ಹೀಗಿರುವಾಗಲೇ ಐಮಂಗಲದ ಕುರಿ ವ್ಯಾಪಾರಿ ಹನುಮೇಶ್ ಬಾಡಿಗೆ ಟೆಂಪೋದಲ್ಲಿ ಬಂದಿಳಿದ. ಶುಕ್ರವಾರ ಜುಂಜಯ್ಯನಿಂದ ಆರು ಕುರಿ, ಒಂದು ಹೋತ ಕೊಂಡು, ದುಡ್ಡು ಕೊಟ್ಟು, ಗುರುತಿಗೆ ಅವುಗಳ ಬೆನ್ನಿನ ಮೇಲೆ ಕೆಂಪು ಹಚ್ಚಿ ಹೋಗಿದ್ದ. ಕುರಿ ವ್ಯಾಪಾರದಲ್ಲಿ ಅವನದು ಒಂದೇ ಮಾತು, ಕೆಂಪು ಬಿದ್ದ ಮೇಲೆ ಮಾತಿಲ್ಲ. ಇವತ್ತು ಒಯ್ಯಲು ಬಂದರೆ ಹಿಂಡಿಗೆ ಹಿಂಡೇ ಕೆಂಪು.

"ಎಲ್ಲಾ ನಂದೇನಪ್ಪ ಜುಂಜಯ್ಯ?" ಎಂದ.

"ಲೇ ಹನುಮೇಶ, ತಮಾಷೆ ಮಾಡಬ್ಯಾಡ. ನಿನ್ನವು ಯಾವು ಅಂತ ನಾ ತೋರಿಸ್ತೀನಿ."

"ತೋರಿಸಿದ್ರೆ ಏನು ಮಾಡ್ಲಿ? ಈ ಬಣ್ಣದ ಕುರಿ ಹಿರಿಯೂರು ಸಂತ್ಯಾಗೆ ಯಾವನು ಮುಟ್ತಾನೆ? ನಂಗೆ ಬ್ಯಾಡ, ದುಡ್ಡು ವಾಪಸ್ ಕೊಡು."

"ಕೆಂಪು ಬಿದ್ದ ಮೇಲೆ ಮಾತಿಲ್ಲ ಅಂತ ನೀನೇ ಅಲ್ಲೇನು ಅನ್ನಾದು?"

ಜನ ಸೇರಿದರು. ಟೆಂಪೋದವನು ಹಸಿ ಪೇಂಟಿನ ಕುರಿಗಳನ್ನು ನೋಡಿ, ಹೊಸ ಗಾಡಿ ನಂದು ಎಂದು ಹೇಳಿ ತಿರುಗಿಸಿಕೊಂಡು ಹೊರಟೇಹೋದ. ಓಬವ್ವ ಇಷ್ಟು ಹೊತ್ತು ಕಾದದ್ದಕ್ಕೆ ಫಲ ಸಿಕ್ಕಿತೆಂದು ಎದ್ದು ಹೋಗಿ ಶೋಭಾರಾಣಿಯನ್ನು ಕರೆತಂದಳು.

ಹನುಮೇಶ್ ಮಾತ್ರ ದುಪ್ಪಟಿ ಹೊದ್ದ ಕಾರಿನ ಸುತ್ತ ಒಂದು ಸುತ್ತು ಬಂದ. ಬಗ್ಗಿ ಕೆಳಗೆ ನೋಡಿದ. ಚಾಸಿಗೆ ಬೆರಳು ಒತ್ತಿ, ಬೆರಳನ್ನು ಎಲ್ಲರಿಗೂ ತೋರಿಸಿದ.

"ಇದಕ್ಕೂ ಕೆಂಪು ಬಿದ್ದೈತಲ್ಲ. ಕುರಿ ಸಾಗ್ಸಾಕೆ ನಂಗೊಂದು ಗಾಡಿ ಬೇಕೇ ಇತ್ತು. ನಾ ದುಡ್ಡು ಕೊಟ್ಟ ಆರು ಕುರಿ, ಒಂದು ಹೋತ ಇವರಿಗಿರ್ಲಿ, ಕೆಡಿಸಿದ್ದು ಇವ್ರೇ ತಾನೆ. ಈ ವ್ಯಾನು ನಂಗಿರ್ಲಿ. ಜುಂಜಯ್ಯನ ಪಾಡಿಗೆ ಜುಂಜಯ್ಯ. ಏನಂತೀರಿ?"

"ಆಷಾಢದಾಗೆ ಯಾರಾದ್ರೂ ಗಾಡಿ ತಗಂತಾರಾ?" ಎಂದ ಗುಂಪಿನಲ್ಲೊಬ್ಬ.

"ನಾನೆಲ್ಲಿ ತಗಂತಿದೀನಿ? ಬದಲು ಮಾಡ್ಕಂತಿದೀನಿ."

ಎಲ್ಲರೂ ಶೋಭಾರಾಣಿಯ ಮುಖ ನೋಡಿದರು. ಅವಳು ಲೆಕ್ಕ ಹಾಕುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಕುರಿಯಾದ್ರೆ ಮರಿ ಹಾಕ್ತವೆ. ಈ ವ್ಯಾನು ಅಂಗಳದಾಗೆ ಹಾಕಿದ್ದು ಬರೀ ಆಯಿಲ್ಲು. ನಂಗೇನೂ ಅಡ್ಡಿಯಿಲ್ಲಪ್ಪ, ಯಜಮಾನ್ರನ್ನ ಕೇಳ್ರಿ."

ಯಜಮಾನರು ಇಷ್ಟು ಹೊತ್ತೂ ಕೂಗುತ್ತಲೇ ಇದ್ದರು. ಕೊಡಲ್ಲ, ಅದು ನಮ್ಮಪ್ಪನ ಕಾರು, ಕೊಡಲ್ಲ ಎಂದು ಕೂಗುತ್ತಿದ್ದುದು ಹೊರಗೆ ಕೇಳಿಸಿದ್ದು ಹಂಡೆಯೊಳಗೆ ಮಾತಾಡಿದ ಹಾಗೆ. ಹೆಲ್ಮೆಟ್ಟು ಬಿಚ್ಚೋಣವೆಂದರೆ ಪೇಂಟು ನುಗ್ಗಿ ಪಟ್ಟಿಯ ಬಕಲು ಕಚ್ಚಿಕೊಂಡಿತ್ತು. ಕೊನೆಗೆ ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿದ. ಭಾಮೈದನ ತಲೆಯ ಅಳತೆಯ ಹೆಲ್ಮೆಟ್ಟು ಸಡಿಲಾಗಿ ಮುಂದಕ್ಕೆ ಜಾರಿ, ಹಿಂದಕ್ಕೆ ಬಿದ್ದು, ಮತ್ತೆ ಮುಂದಕ್ಕೆ ಜಾರಿತು.

"ಒಪ್ಕಂಡ್ರು" ಎಂದ ಈರಬಸಪ್ಪ.

ಎಲ್ಲರೂ ನಿಟ್ಟುಸಿರು ಬಿಟ್ಟರು. ನಾಲ್ಕು ಜನ ಸೇರಿ ಕಾರನ್ನು ಕಲ್ಲಿನಿಂದ ಇಳಿಸಿದರು. ಹನುಮೇಶ್ ಒಳಗೆ ಕೂತು ಕೀಲಿ ತಿರುಗಿಸಿದ. ಸದ್ದಿಲ್ಲ. ಇನ್ನೊಮ್ಮೆ ತಿರುಗಿಸಿದ. ಮಾರುತೇಶನ ಎದೆಯೊಳಗೆ ಒಂದು ಸಣ್ಣ ದೀಪ ಹೊತ್ತಿತು. ಓಡದ ಗಾಡಿಯನ್ನು ಯಾರು ತಾನೆ ಒಯ್ಯುತ್ತಾರೆ?

"ಎಲ್ಲಾ ಸರಿ ಐತ್ರಿ. ಸೇಫ್ಟಿ ಅಂತ ಸಾರೇ ಬ್ಯಾಟರಿ ವೈರು ಬಿಚ್ಚಿದಾರೆ" ಎಂದು ಈರಬಸಪ್ಪ ಉತ್ಸಾಹದಿಂದ ಹೋಗಿ ಸಿಕ್ಕಿಸಿದ. ಚಳಿಗಾಲ ಮಳೆಗಾಲವೆನ್ನದೆ ಸದಾ ತಳ್ಳಿಸಿಕೊಂಡೇ ಹೊರಡುತ್ತಿದ್ದ ಕಾರು ಅವತ್ತು ಒಂದೇ ಸಲಕ್ಕೆ ಸ್ಟಾರ್ಟಾಗಿ ಐಮಂಗಲದ ದಾರಿ ಹಿಡಿಯಿತು. ಆಮೇಲೆ ಈರಬಸಪ್ಪ ಚಾಕು ತಂದು ಹೆಲ್ಮೆಟ್ಟಿನ ಪಟ್ಟಿ ಕತ್ತರಿಸಿದ. ಮಾರುತೇಶನಿಗೆ ಮಾತು ಬಂತು, ಆದರೆ ಅಷ್ಟರಲ್ಲಿ ಕಾರು ಊರು ದಾಟಿತ್ತು.

ಸಂಜೆ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಆರು ಕೆಂಪು ಕುರಿಗಳು ಮಲಗಿದ್ದವು. ಕೆಂಪು ಹೋತ ಹಗ್ಗದ ಉದ್ದಕ್ಕೂ ಅಡ್ಡಾಡುತ್ತಿತ್ತು. ಮಾರುತೇಶ್ ಮೆಟ್ಟಿಲ ಮೇಲೆ ಕುಳಿತು ನೆಲದ ಆಯಿಲ್ ಕಲೆಯನ್ನು ನೋಡುತ್ತಿದ್ದ. ಅಪ್ಪನ ನೆನಪಾಗಿ ಅವನ ಕಣ್ಣು ತುಂಬಿತ್ತು. ಶೋಭಾರಾಣಿ ಗುಜರಿಯವನಿಗೆ ಬರಬೇಡವೆಂದು ಫೋನು ಮಾಡಿ, ಖುಷಿಯಲ್ಲಿ ಕುರಿಗಳಿಗೆ ನೀರಿಟ್ಟಳು.

ಅಷ್ಟರಲ್ಲಿ ಪರಿಚಯದ ಸದ್ದು ಕೇಳಿತು. ಕಾರು ಬಂದು ಬಾಗಿಲಲ್ಲಿ ನಿಂತಿತು. ಹನುಮೇಶ್ ಇಳಿದ. ಅವನ ಕೈಯಲ್ಲಿ ಕೆಂಪಗಿನ ವಸ್ತುವೊಂದಿತ್ತು.

"ಅಮ್ಮಾರೆ, ದಾರ್ಯಾಗೆ ಕೆಳಗೆ ಏನೋ ಪಟಪಟ ಬಡಿಯಾಕೆ ಹತ್ತಿತ್ತು. ಬಗ್ಗಿ ನೋಡಿದ್ರೆ ಚಾಸಿ ಸಂದ್ಯಾಗೆ ಇದು ಸಿಗಾಕ್ಕಂಡಿತ್ತು. ಪೇಂಟು ಬೇರೆ ಹೊಡ್ದಾರೆ, ಬೇರೆ ಕಡಿಗಿಂತ ದಪ್ಪಗೆ. ನಾ ತಗಂಡಿದ್ದು ವ್ಯಾನು. ಚಪ್ಪಲಿ ನಿಮ್ಮದು ನೀವು ಇಟ್ಕಳ್ರಿ."

ಶೋಭಾರಾಣಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಡಗಾಲಿನದು. ಆಮೇಲೆ ಗಂಡನನ್ನು ನೋಡಿದಳು.

"ಇದಕ್ಕೆ ಪೇಂಟು ಹೊಡದ್ರಾ?"

"ಕನ್ನಡಕ ಮಂಜಾಗಿತ್ತು ಕಣೆ" ಎಂದ ಮಾರುತೇಶ್. ಮರುಗಳಿಗೆಯೇ ಅವನಿಗೆ ಶನಿವಾರದ ತೀರ್ಪು ನೆನಪಾಗಿ ಎದ್ದು ನಿಂತ. "ಚಪ್ಪಲಿ ತಂದ್ಕೊಟ್ರೆ ಕಾರು ಇಟ್ಕಳ್ರಿ ಅಂದಿದ್ದೆ ನೀನು. ಚಪ್ಪಲಿ ಬಂತಲ್ಲ. ಹನುಮೇಶಪ್ಪ, ಕುರಿ ಹೊಡ್ಕಂಡು ಹೋಗ್ರಿ, ಕಾರು ಬಿಟ್ಟೋಗ್ರಿ."

"ಕೆಂಪು ಬಿದ್ದ ಮೇಲೆ ಮಾತಿಲ್ಲ ಸಾರ್" ಎಂದು ಹನುಮೇಶ್ ಕೈಮುಗಿದು, ಕಾರು ಹತ್ತಿ ಹೊರಟುಹೋದ.

ಶೋಭಾರಾಣಿಗೆ ಗಂಡನ ಮುಖ ನೋಡಿ ಕನಿಕರವಾಯಿತು. "ಹೋಗ್ಲಿ ಬಿಡ್ರಿ. ಥಿನ್ನರಾಗೆ ಒರೆಸಿದ್ರೆ ಬಣ್ಣ ಹೋಗ್ತೈತಿ. ಜೋಡಿಯಾದ್ರೂ ಸೇರ್ತಲ್ಲ" ಎನ್ನುತ್ತಾ ಬಲಗಾಲಿನ ಚಪ್ಪಲಿಗೆಂದು ಮೊಳೆಯ ಕಡೆ ಕೈಚಾಚಿದಳು.

ಮೊಳೆ ಖಾಲಿಯಿತ್ತು.

ಅದರ ಕೆಳಗೆ, ಹಗ್ಗ ಎಷ್ಟು ಉದ್ದ ಬರುತ್ತದೋ ಅಷ್ಟೂ ಎಳೆದುಕೊಂಡು ನಿಂತಿದ್ದ ಹೋತ ನಿಧಾನವಾಗಿ ಮೆಲುಕು ಹಾಕುತ್ತಿತ್ತು. ಅದರ ಬಾಯಿಯ ಅಂಚಿನಲ್ಲಿ ಚಪ್ಪಲಿಯ ಬಕಲು ನೇತಾಡುತ್ತಿತ್ತು.

ಶೋಭಾರಾಣಿ ಮೆಲ್ಲಗೆ ಗಂಡನ ಕಡೆ ತಿರುಗಿದಳು. ಕೈಯಲ್ಲಿ ಇನ್ನೂ ಆ ಕೆಂಪು ಚಪ್ಪಲಿ ಇತ್ತು. ಮಾರುತೇಶ್ ಪಕ್ಕದಲ್ಲಿದ್ದ ಪಟ್ಟಿ ಕತ್ತರಿಸಿದ ಹೆಲ್ಮೆಟ್ಟನ್ನು ಎತ್ತಿ ತಲೆಗೆ ಹಾಕಿಕೊಂಡ.