ಇರುವ ಮರ ಇಲ್ಲವಾದ ಬಗ್ಗೆ ನಕ್ಷೆ ತಂತ್ರಾಂಶದವರಿಗೆ

ಮಾನ್ಯ ನಕ್ಷೆ ತಂತ್ರಾಂಶದವರೇ,

ಸಾವಿರಾರು ಕಚೇರಿಗಳ ಪರದೆಗಳಲ್ಲಿ ಏಕಕಾಲಕ್ಕೆ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ, ಚಪ್ಪಲಿ ಅಂಗಡಿಯ ಮೇಲಿನ ಎರಡನೆಯ ಅಂತಸ್ತಿನಲ್ಲಿ ಕಿಟಕಿ ಪಕ್ಕದ ಮೇಜಿಗೆ ಅಂಟಿಕೊಂಡು ಮೂವತ್ತೊಂದು ವರ್ಷಗಳಿಂದ ಉದ್ಯಾನ, ಅಂಗಳ, ಕಾಲುದಾರಿಗಳ ನಕ್ಷೆ ಬರೆದುಕೊಂಡು ಬಂದಿರುವ ಭೂದೃಶ್ಯ ವಿನ್ಯಾಸಕಿಯೊಬ್ಬಳು ಸಲ್ಲಿಸುವ ಸವಿನಯ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕಳೆದ ವಾರ ನನ್ನನ್ನು ಒಂದು ಮಾತೂ ಕೇಳದೆ ತಮ್ಮನ್ನು ತಾವೇ ನವೀಕರಿಸಿಕೊಂಡು, ನಾನು ಹನ್ನೆರಡು ವರ್ಷ ತಿಣುಕಿ ಕಲಿತಿದ್ದ ಗುಂಡಿಗಳನ್ನೆಲ್ಲ ಇನ್ನೊಂದು ಮೂಲೆಗೆ ಸಾಗಿಸಿದ್ದನ್ನು ನೋಡಿದರೆ ತಮ್ಮ ಆರೋಗ್ಯಕ್ಕೆ ಯಾವ ಕೊರತೆಯೂ ಇದ್ದಂತಿಲ್ಲ. ನಾನೂ ಕ್ಷೇಮ. ಕ್ಷೇಮವಿಲ್ಲದ್ದು ಒಂದು ಮರ ಮಾತ್ರ, ಅದರ ವಿಚಾರವಾಗಿ ತಮಗೊಂದು ಖಡಕ್ ದೂರು ಬರೆಯಬೇಕೆಂದು ಅಂಧರ ಶಾಲೆಯ ಮುಖ್ಯೋಪಾಧ್ಯಾಯಿನಿ ಕೇಳಿಕೊಂಡಿದ್ದಾರೆ. ಪತ್ರವನ್ನು ಶಾಲೆಯ ಸಭೆಯಲ್ಲಿ ಎಲ್ಲರೆದುರು ನಾನೇ ಓದಬೇಕಂತೆ. ಹಾಗಾಗಿ ಇದು ಬಹಿರಂಗ ಪತ್ರ.

ದೂರಿಗೆ ಮೊದಲು ತಮ್ಮ ಉಪಕಾರಗಳನ್ನು ನೆನೆಯದಿದ್ದರೆ ಉಂಡ ಮನೆಯ ಜಂತೆ ಎಣಿಸಿದಂತಾದೀತು. ನನಗೆ ಕೆಲಸ ಕಲಿಸಿದ ಹಿರಿಯರು ಸೀಸದ ಕಡ್ಡಿಯ ಕಾಲದವರು. ಯಾವ ಜಾಗದ ನಕ್ಷೆಯಾದರೂ ಸರಿ, ಅಲ್ಲಿರುವ ಮರವನ್ನು ಕಾಗದದ ಮೇಲೆ ಬರೆಯುವ ಮೊದಲು ಅದರ ಹತ್ತಿರ ಹೋಗಿ ಎದೆ ಎತ್ತರದಲ್ಲಿ ತಬ್ಬಿಕೊಂಡು, ಎರಡು ಕೈ ಕೂಡುತ್ತವೋ ಇಲ್ಲವೋ ನೋಡಿ ಬರಬೇಕೆಂದು ಕಟ್ಟಪ್ಪಣೆ ಮಾಡಿದ್ದರು. "ತಬ್ಬಿ ಬಾ, ಆಮೇಲೆ ಬರಿ" ಎನ್ನುತ್ತಿದ್ದರು. ಆ ಕಾಲದಲ್ಲಿ ನನ್ನ ಒಂದು ರವಿಕೆಯಾದರೂ ಕೆಂಪಿರುವೆ, ಅಂಟು, ಹಕ್ಕಿಯ ಹಿಕ್ಕೆಗಳಿಂದ ಪಾರಾದದ್ದು ನೆನಪಿಲ್ಲ. ತಾವು ಬಂದಿರಿ, ನನ್ನ ರವಿಕೆಗಳು ಬದುಕಿದವು. ನಲವತ್ತಾರನೆಯ ವಯಸ್ಸಿನಲ್ಲಿ ತಮ್ಮ ಮುಂದೆ ಕೂತಾಗ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನನ್ನ ತಂಗಿಯೇ ನಕ್ಕಿದ್ದಳು. ಈ ಕಚೇರಿಯನ್ನು ನಡೆಸುವವಳು ಅವಳೇ. ಬಗ್ಗಿದೆ ಸ್ವಾಮೀ, ಈಗ ಕತ್ತು ನೆಟ್ಟಗಾಗುತ್ತಿಲ್ಲ ಅಷ್ಟೆ.

ಇನ್ನು ತಮ್ಮ ಮರಗಳ ಗುಣಗಾನಕ್ಕೆ ಈ ಬಡಪಾಯಿಯ ಭಾಷೆ ಸಾಲದು. ನಿಜವಾದ ಮರಕ್ಕೆ ನೆರಳು ಕೊಡುವಷ್ಟು ಬುದ್ಧಿ ಬರಬೇಕಾದರೆ ಇಪ್ಪತ್ತು ವರ್ಷ ಹಿಡಿಯುತ್ತದೆ, ತಮ್ಮ ಮರಗಳೋ ಹುಟ್ಟುತ್ತಲೇ ಮೊಮ್ಮಕ್ಕಳನ್ನು ಕಂಡಷ್ಟು ಬೆಳೆದಿರುತ್ತವೆ. ಅವು ಎಲೆ ಉದುರಿಸಿ ಗುಡಿಸುವವಳ ಬೆನ್ನು ಮುರಿಯುವುದಿಲ್ಲ, ಬೇರು ಚಾಚಿ ಕಲ್ಲುಹಾಸು ಎತ್ತುವುದಿಲ್ಲ, ಗಿರಾಕಿ ಬಯಸಿದ ಕಡೆಗೇ ನೆರಳು ಚೆಲ್ಲುತ್ತವೆ, ಒಂದರ ಹಾಗೆ ಇನ್ನೂರು ಮರಗಳು ಒಂದೇ ಒತ್ತಿಗೆ ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯುತ್ತವೆ. ಅವುಗಳ ಕೆಳಗೆ ಓಡಾಡಲು ತಾವೇ ಒದಗಿಸುವ ಜನರಂತೂ ಎಂಥ ಸುಖಿಗಳು. ಅದೇ ಬಿಳಿ ಷರ್ಟಿನ ಗಂಡಸು, ಅದೇ ನಾಯಿ, ಬಲೂನು ಹಿಡಿದ ಅದೇ ಹೆಂಗಸು. ಆಸ್ಪತ್ರೆಯ ಅಂಗಳದಲ್ಲಿ, ಬಸ್ ನಿಲ್ದಾಣದ ಮುಂದೆ, ಕೊನೆಗೆ ನಾವು ಮಾಡಿದ ಸ್ಮಶಾನದ ನಕ್ಷೆಯಲ್ಲೂ ಆಕೆ ಬಲೂನು ಹಿಡಿದು ನಗುತ್ತಲೇ ಇದ್ದಳು. ಸತ್ತವರ ಕಡೆಯವರು ಯಾರೂ ಆಕ್ಷೇಪಿಸಲಿಲ್ಲ, ಹೊಸ ಹುಲ್ಲು ಚೆನ್ನಾಗಿದೆ ಅಂದರು.

ಈಗ ವಿಷಯಕ್ಕೆ ಬರುತ್ತೇನೆ. ಅಂಧರ ಶಾಲೆಯ ಅಂಗಳದಲ್ಲಿ ನೀರು ನಿಲ್ಲುತ್ತದೆ, ನೆಲ ಎತ್ತರ ತಗ್ಗಾಗಿದೆ, ಎಡವಿ ಬೀಳುವಂತಾಗಿದೆ, ಸಮ ಮಾಡಿ ಕಲ್ಲು ಹಾಸಿ ಕೊಡಿ ಎಂಬ ಕೆಲಸ ನಮಗೆ ಬಂತು. ಆ ಅಂಗಳದ ನಡುವೆ ಒಂದು ಹಳೆಯ ಮರವಿತ್ತು. ಎದೆ ಎತ್ತರಕ್ಕೆ ಅದರ ಕಾಂಡದಲ್ಲಿ ತೆಂಗಿನಕಾಯಿ ಗಾತ್ರದ ಒಂದು ಗಂಟು ಇದ್ದುದರಿಂದ ಶಾಲೆಯವರೆಲ್ಲ ಅದನ್ನು ಗಂಟು ಮರ ಎನ್ನುತ್ತಿದ್ದರು. ಕುರ್ಚಿಗೆ ಬೆತ್ತ ಹೆಣೆಯುವುದನ್ನು ಕಲಿಸುವ ಅಲ್ಲಿನ ಮೇಷ್ಟ್ರು ಸ್ವತಃ ಕಣ್ಣು ಕಾಣದವರು. ಅವರನ್ನು ಎಲ್ಲರೂ ಬೆತ್ತದ ಮೇಷ್ಟ್ರು ಎಂದು ಕರೆಯುವುದನ್ನು ಕೇಳಿ ನಾನು ಮೊದಲ ದಿನ ಹೆದರಿದ್ದುಂಟು, ಅವರು ಜೀವಮಾನದಲ್ಲಿ ಒಬ್ಬರಿಗೂ ಹೊಡೆದವರಲ್ಲವೆಂದು ಆಮೇಲೆ ತಿಳಿಯಿತು. ಗೇಟಿನಿಂದ ನಲವತ್ತೆರಡು ಹೆಜ್ಜೆ, ಬಲಗೈ ಚಾಚಿದರೆ ಗಂಟು, ಗಂಟು ಸಿಕ್ಕ ಕೂಡಲೇ ಎಡಕ್ಕೆ ತಿರುಗಿದರೆ ಹದಿನೈದು ಹೆಜ್ಜೆಗೆ ಅವರ ಕೋಣೆ. ಇಪ್ಪತ್ತೇಳು ವರ್ಷ ಅವರು ಯಾರ ತೋಳನ್ನೂ ಹಿಡಿಯದೆ ಹೀಗೆ ಬಂದು ಹೋಗಿದ್ದಾರೆ, ಬಂದ ಹೊಸಬರಿಗೆಲ್ಲ ಮೊದಲ ಪಾಠವಾಗಿ ಇದನ್ನೇ ಕಲಿಸಿದ್ದಾರೆ.

ತಮಗೆ ಗೊತ್ತಿರುವುದೇ ಆದರೂ ಸಭೆಯವರ ತಿಳಿವಳಿಕೆಗಾಗಿ ಹೇಳುತ್ತೇನೆ, ತಮ್ಮ ನಕ್ಷೆಯೆಂದರೆ ಒಂದರ ಮೇಲೊಂದು ಇಟ್ಟ ತೆಳು ಗಾಜಿನ ಹಾಳೆಗಳ ಹಾಗೆ. ಕಲ್ಲುಹಾಸಿಗೆ ಒಂದು ಪದರ, ನೀರಿನ ಕೊಳವೆಗೆ ಒಂದು ಪದರ, ಬೇಕಾದ್ದನ್ನು ತೋರಿಸಬಹುದು, ಬೇಡವಾದದ್ದನ್ನು ಮರೆಮಾಡಬಹುದು. ನಮ್ಮ ಕಚೇರಿಯಲ್ಲಿ ಮರಗಳಿಗೆ ಎರಡು ಪದರ, ಮೊದಲಿನಿಂದ ನಿಂತಿರುವುದು 'ಇರುವ ಮರ', ನಾವು ನೆಡಲಿರುವುದು 'ಬರುವ ಮರ'. ಗುತ್ತಿಗೆದಾರನ ಕೈಗೆ ಹೋದ ನಕ್ಷೆಯಲ್ಲಿ ಬರುವ ಮರಗಳು ಹನ್ನೆರಡೂ ದುಂಡುದುಂಡಾಗಿ ಬಂದಿದ್ದವು. ಇರುವ ಮರ ಇರಲಿಲ್ಲ.

ಸೋಮವಾರ ಬೆಳಗ್ಗೆ ಹತ್ತಕ್ಕೆ ನಾನು ಹೋಗುವ ಹೊತ್ತಿಗೆ ಕಾಂಡವನ್ನು ತುಂಡು ಮಾಡಿ ಲಾರಿಗೆ ಏರಿಸಿ ಆಗಿತ್ತು. ಗುತ್ತಿಗೆದಾರ ಒಳ್ಳೆಯವನು, ನಕ್ಷೆ ಬಿಚ್ಚಿ ಆ ಜಾಗದ ಮೇಲೆ ಬೆರಳಿಟ್ಟು, "ಇಲ್ಲಿ ಬರೀ ಕಲ್ಲುಹಾಸಿದೆ ಮೇಡಂ. ನನಗೂ ಅನುಮಾನ ಬಂದು ನಿಮ್ಮ ಆಫೀಸಿಗೆ ಫೋನ್ ಮಾಡಿದ್ದೆ. ನಕ್ಷೆ ಪ್ರಕಾರ ಹೋಗಿ ಅಂದ್ರು" ಎಂದ. ಅಷ್ಟರಲ್ಲಿ ಮೇಷ್ಟ್ರು ಗೇಟಿನೊಳಗೆ ಬಂದರು. ಅವರು ಎಣಿಸಿಕೊಂಡು ಬಂದು, ನಿಂತು, ಬಲಗೈ ಚಾಚಿದರು. ಕೈ ಗಾಳಿಯಲ್ಲಿ ಹಾಗೇ ಇತ್ತು. ಲೆಕ್ಕ ತಪ್ಪಿತೆಂದುಕೊಂಡು ಗೇಟಿನ ತನಕ ವಾಪಸು ಹೋಗಿ, ಮತ್ತೆ ಒಂದರಿಂದ ಎಣಿಸಿಕೊಂಡು ಬಂದರು. ಎರಡನೆಯ ಸಲವೂ ಕೈಗೆ ಏನೂ ಸಿಗದಿದ್ದಾಗ ನಾನು ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ. ಎಲ್ಲಿ, ಆ ನಕ್ಷೆ ಕೊಡಿ ಎಂದು ಇಸಿದುಕೊಂಡು ಅದರ ಉದ್ದಗಲಕ್ಕೂ ನಿಧಾನವಾಗಿ ಬೆರಳಾಡಿಸಿ, "ಇದರಲ್ಲಿ ಏನೂ ಇಲ್ವಲ್ಲ ಮೇಡಂ. ನುಣ್ಣಗಿದೆ. ಇದನ್ನ ನೋಡ್ಕೊಂಡು ಕಡಿದ್ರಾ?" ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಆದ್ದರಿಂದ ಮಹನೀಯರೇ, ನಮ್ಮ ಬೇಡಿಕೆಗಳು ಹೀಗಿವೆ. ತಮ್ಮ ಭಂಡಾರದಲ್ಲಿರುವ ಲಕ್ಷಾಂತರ ಮರಗಳಲ್ಲಿ ಒಂದೇ ಒಂದನ್ನು ನಲವತ್ತೆರಡನೆಯ ಹೆಜ್ಜೆಯ ಹತ್ತಿರ ಬಂದು ನಿಲ್ಲುವಂತೆ ಆಜ್ಞಾಪಿಸಬೇಕು. ಎಲೆ ಬೇಡ, ಹೂವು ಬೇಡ, ಕೈಗೆ ಸಿಗುವಂಥ ಒಂದು ಗಂಟಿದ್ದರೆ ಸಾಕು. ಅದಾಗದಿದ್ದರೆ, ಒತ್ತಿದೊಡನೆ ಮಾಡಿದ ತಪ್ಪೆಲ್ಲ ಹಿಂದಕ್ಕೆ ಹೋಗುವ ತಮ್ಮ ಆ ಪ್ರಸಿದ್ಧ ಗುಂಡಿಯನ್ನು ಪರದೆಯಿಂದಾಚೆಗೂ ವಿಸ್ತರಿಸಬೇಕು. ಅಂದು ನಾನು ಲ್ಯಾಪ್‌ಟಾಪನ್ನು ಆ ಬುಡದ ಮೇಲೇ ಇಟ್ಟುಕೊಂಡು ಅದನ್ನು ಒತ್ತಿ ನೋಡಿದೆ. ಬೆಂಚು ಹೋಯಿತು, ಕಲ್ಲುಹಾಸು ಹೋಯಿತು, ಹನ್ನೆರಡು ಬರುವ ಮರಗಳೂ ಒಂದೊಂದಾಗಿ ಹೋದವು, ಬುಡ ಮಾತ್ರ ಬುಡವಾಗಿಯೇ ಇತ್ತು. ಬುದ್ಧಿ ನೆಟ್ಟಗಿರುವವಳು ಮಾಡುವ ಕೆಲಸವಲ್ಲ ಇದು, ಆದರೂ ಮಾಡಿದೆ.

ಈಗ ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ಕಂಪ್ಯೂಟರ್ ತಪ್ಪಂತೆ. ಮುಖ್ಯೋಪಾಧ್ಯಾಯಿನಿ ನನಗೆ ನೀರು ಕೊಟ್ಟು ಕೂರಿಸಿದರು. ಎರಡು ವಾರದಿಂದ ಅಡುಗೆಯವಳ ತೋಳು ಹಿಡಿದುಕೊಂಡು ಕೋಣೆಗೆ ಹೋಗಿಬರುತ್ತಿರುವ ಮೇಷ್ಟ್ರು ಕೂಡ, "ಮಷೀನು ಕೈಕೊಟ್ರೆ ನೀವೇನ್ ಮಾಡ್ತೀರಿ, ಬೇಜಾರ್ ಮಾಡ್ಕೋಬೇಡಿ" ಎಂದು ನನಗೇ ಸಮಾಧಾನ ಹೇಳಿದರು. ಅವರು ಹಾಗೆಂದದ್ದನ್ನು ತಂಗಿಗೆ ತಿಳಿಸಿದಾಗ ಅವಳು, "ಅವರೇ ಕಂಪ್ಯೂಟರ್ ಮೇಲೆ ಹಾಕಿದ್ದಾರೆ, ನೀನ್ಯಾಕಕ್ಕಾ ಮೈಮೇಲೆ ಎಳ್ಕೋತೀಯ? ಒಂದು ಕಾಗದ ಗೀಚಿ ಕೈ ತೊಳ್ಕೋ. ಇನ್ನೊಂದ್ಸಲ ಆ ಶಾಲೆಯವರು ಕೆಲಸ ಕೊಡೋದು ಬೇಡ್ವಾ?" ಎಂದಳು. ಅವಳ ಮಾತಿನಂತೆ ಇಲ್ಲಿಯ ತನಕ ಗೀಚಿದ್ದೇನೆ. ಚೆನ್ನಾಗಿಯೇ ಬಂದಿದೆ ಎಂದು ನನ್ನ ಭಾವನೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲದ ಡೊಂಕು ತಿದ್ದುವುದೇ ವೃತ್ತಿಯಾಗಿರುವವಳಿಗೆ ಆ ನೆಪವೂ ಒಪ್ಪುವುದಿಲ್ಲ. ಶಾಲೆಯ ಸಮಿತಿಗೆ ತೋರಿಸಲು ಚಂದದ ಒಂದು ಪ್ರತಿ ಬೇಕಿತ್ತು. ಗಂಟು ಮರದ ಕೊಂಬೆಗಳು ಒಂದು ಕಡೆ ಉದ್ದ, ಒಂದು ಕಡೆ ಮೊಟಕು, ನಕ್ಷೆಯಲ್ಲಿ ಅದು ಸೊಟ್ಟಸೊಟ್ಟಗೆ ಹರಡಿಕೊಂಡು ನಾನು ಮೂರು ದಿನ ಕೂತು ಜೋಡಿಸಿದ್ದ ಕಲ್ಲುಹಾಸಿನ ಚಿತ್ತಾರವನ್ನೆಲ್ಲ ಮುಚ್ಚುತ್ತಿತ್ತು. ಅದು ಅಂದಗೆಡಿಸುತ್ತದೆಂದು 'ಇರುವ ಮರ' ಪದರದ ದೀಪ ಆರಿಸಿ ಅದನ್ನು ಮರೆಮಾಡಿದವಳು ನಾನು. ಮತ್ತೆ ಹೊತ್ತಿಸಲು ಮರೆತು ಅದೇ ಪ್ರತಿಯನ್ನು ಗುತ್ತಿಗೆದಾರನಿಗೆ ಕಳಿಸಿದವಳು ನಾನು. ಆತ ಫೋನ್ ಮಾಡಿದಾಗ ಪರದೆಯಿಂದ ಕಣ್ಣು ಕೀಳದೆ, ನಕ್ಷೆ ಪ್ರಕಾರ ಹೋಗಿ ಎಂದ ಆಫೀಸಿನವರೂ ನಾನೇ. ಆ ಕೆಲಸ ನಡೆದ ನಾಲ್ಕು ತಿಂಗಳಲ್ಲಿ ಆ ಮರವನ್ನು ಒಂದು ಸಲವೂ ತಬ್ಬಿ ನೋಡಿರಲಿಲ್ಲ, ಬಿಳಿ ರವಿಕೆ ತೊಟ್ಟಿದ್ದೆ. ಮೇಷ್ಟ್ರೇ, ಮಷೀನು ಕೈಕೊಡಲಿಲ್ಲ. ನನ್ನನ್ನು ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಆದರೆ ತಪ್ಪು ಯಾರದೆಂದು ತಿಳಿಯದೆಯೇ ನೀವು ಕ್ಷಮಿಸಿಬಿಟ್ಟಿದ್ದೀರಿ. ಅದನ್ನು ವಾಪಸು ತೆಗೆದುಕೊಳ್ಳಿ, ಅದು ನನಗೆ ಸಲ್ಲತಕ್ಕದ್ದಲ್ಲ.

ತಂತ್ರಾಂಶದವರೇ, ನಡುವೆ ಬೇರೊಬ್ಬರೊಂದಿಗೆ ಮಾತಾಡಿದ್ದಕ್ಕೆ ಮನ್ನಿಸಿ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ, ಯಾಕೆ ಎಂದು ಒಂದು ದಿನವೂ ಕೇಳದ ತಮ್ಮಂಥ ವಿಧೇಯರ ಮೇಲೆ ದೂರು ಹೊರಿಸಲು ಹೊರಟದ್ದಕ್ಕೂ ಮನ್ನಿಸಿ.

ಬೇರೆ ಗತಿಯಿಲ್ಲದ್ದರಿಂದ ನಾಳೆಯೂ ತಮ್ಮ ವಿಶ್ವಾಸಿ,
ಎರಡನೆಯ ಅಂತಸ್ತಿನ ವಿನ್ಯಾಸಕಿ

ಮರೆತ ಮಾತು: ತಮ್ಮ ಸಹಾಯ ಕೇಂದ್ರಕ್ಕೆ ನಾನು ಮೊದಲೇ ಬರೆದಿದ್ದ ದೂರಿಗೆ ಈಗಷ್ಟೇ ಉತ್ತರ ಬಂತು. "ಆತ್ಮೀಯ ಬಳಕೆದಾರರೇ, ಗಾಬರಿ ಬೇಡ, ನಿಮ್ಮ ಮರ ಅಳಿಸಿಹೋಗಿಲ್ಲ, ಮರೆಯಾಗಿದೆ ಅಷ್ಟೆ. ಪದರದ ಹೆಸರಿನ ಪಕ್ಕದಲ್ಲಿರುವ ದೀಪದ ಗುರುತನ್ನು ಒತ್ತಿ, ಕಾಣಿಸುತ್ತದೆ" ಎಂದಿದ್ದೀರಿ. ಒತ್ತಿದೆ. ತಮ್ಮ ಮಾತು ನಿಜ, ಮರ ಇದ್ದಲ್ಲೇ ಇದೆ, ಒಂದು ಕೊಂಬೆಯೂ ಮುಕ್ಕಾಗಿಲ್ಲ, ಬಹಳ ಚೆನ್ನಾಗಿ ಕಾಣಿಸುತ್ತಿದೆ. ಇದನ್ನು ಮೇಷ್ಟ್ರಿಗೆ ತೋರಿಸಲು ಯಾವ ಗುಂಡಿ ಒತ್ತಬೇಕೆಂದು ದಯವಿಟ್ಟು ತಿಳಿಸಿ.