ಕಾರಿನ ಪತ್ರಿಕೆಗೆ ಮಾರಿದವನೇ ಜವಾಬು

ಶಹಾಪುರ ಬಸ್ ನಿಲ್ದಾಣದ ಪಕ್ಕ ನನ್ನದೊಂದು ಪತ್ರಿಕೆ ಅಂಗಡಿ ಇದೆ. ದಿನಪತ್ರಿಕೆ ಮಾರುವಾಗ ಯಾವ ಭಯವೂ ಇಲ್ಲ, ಅದರಲ್ಲಿನ ಸುಳ್ಳಿಗೆ ಯಾರೂ ನನ್ನನ್ನು ಕೇಳುವುದಿಲ್ಲ. ಆದರೆ ತಿಂಗಳಿಗೊಮ್ಮೆ ಕಾರಿನ ಪತ್ರಿಕೆಯ ಕಟ್ಟು ಬಂದಿಳಿದರೆ ಎದೆ ಡವಡವ ಎನ್ನುತ್ತದೆ. ನಮ್ಮ ಕಡೆ ಬಿತ್ತಿದ ಬೀಜ ಹುಟ್ಟದಿದ್ದರೆ ಕಂಪನಿಯನ್ನು ಯಾರೂ ಹುಡುಕುವುದಿಲ್ಲ, ಮಾರಿದ ಅಂಗಡಿಯವನ ಕೊರಳಪಟ್ಟಿ ಹಿಡಿಯುತ್ತಾರೆ. ಅದೇ ಕಾಯ್ದೆ ಈ ಪತ್ರಿಕೆಗೂ ಅಂಟಿದೆ. ಹೀಗಾಗಿ ನನಗೆ ಒಂದಿಲ್ಲೊಂದು ಗಂಡಾಂತರ ತಪ್ಪಿದ್ದಲ್ಲ.

೧. ಕಾಲುವೆ ದಾರಿ

ದೋರನಹಳ್ಳಿಯ ಹತ್ತಿ ವ್ಯಾಪಾರಿಯೊಬ್ಬರು ನನ್ನಲ್ಲಿ ಕೊಂಡ ಪತ್ರಿಕೆ ಓದಿಯೇ ಕಾರು ತಂದರು. ಎಂಥ ಕೆಟ್ಟ ದಾರಿಗೂ ಹೆದರದ ಗಾಡಿ ಎಂದು ಬರೆದಿತ್ತು. ಮಳೆಯಾದ ಮರುದಿನವೇ ಅವರು ಕಾಲುವೆ ದಂಡೆಯ ಎರೆಮಣ್ಣಿಗೆ ಇಳಿಸಿದರು. ಗಾಲಿ ಹೂತುಹೋಗಿ, ಕೊನೆಗೆ ಒಂದು ಜೋಡಿ ಎತ್ತು ಎಳೆದು ತಂದವು.

ಮೊಣಕಾಲುಮಟ ಕೆಸರು ಮೆತ್ತಿಕೊಂಡೇ ಅಂಗಡಿಗೆ ಬಂದರು. ಬರೆದವರು ದೂರದ ಊರಿನವರು ಎಂದು ತೊದಲಿದೆ. ಅವರು ಸಿಟ್ಟು ಮಾಡಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಅವ್ರು ದೂರ ಅದಾರ ಖರೆ, ನೀವು ಹತ್ರ ಅದೀರಲ್ರಿ. ಎತ್ತಿನ ಬಗ್ಗೆ ಬರೆಯೋ ಪುಸ್ತಕ ಬಂದ್ರ ನನಗೊಂದು ತಗದಿಡ್ರಿ."

೨. ಹೋಳಿಗೆ ಉಂಡವರು

ಸುರಪುರದ ನಿವೃತ್ತ ಮಾಸ್ತರರೊಬ್ಬರಿಗೆ ಕಾರಿಲ್ಲ, ಆದರೂ ಒಂದು ಸಂಚಿಕೆ ಬಿಟ್ಟವರಲ್ಲ. ಅಂಗಡಿ ಮುಂದೆ ನಿಂತೇ ಗಟ್ಟಿಯಾಗಿ ವಿಮರ್ಶೆ ಶುರುಮಾಡುತ್ತಾರೆ. ಯಾವ ಕಾರಿನ ಜಾಹೀರಾತು ದೊಡ್ಡದೋ ಒಳಗೆ ಅದಕ್ಕೇ ಹೊಗಳಿಕೆ ಎಂದು ಹಾಳೆ ತಿರುಗಿಸಿ ತೋರಿಸುತ್ತಾರೆ.

"ಹೆಣ್ಣಿನ ಮನ್ಯಾಗ ಹೋಳಿಗಿ ಉಂಡು ಬಂದಂವ, ಹೆಣ್ಣು ಛಲೋ ಇಲ್ಲ ಅಂತಾನೇನು?"

ಒಂದು ದಿನ ಇದನ್ನು ಕೇಳಿ, ಕೈಯಲ್ಲಿ ಹಿಡಿದಿದ್ದ ಪ್ರತಿಗಳನ್ನು ಗಿರಾಕಿಗಳು ಮೆಲ್ಲಗೆ ಕೆಳಗಿಟ್ಟರು. ವ್ಯಾಪಾರವೇ ಮುಳುಗುವ ಭಯದಲ್ಲಿ, ನಂಬಿಕೆ ಇಲ್ಲದ ಮೇಲೆ ನೀವು ಯಾಕೆ ಕೊಳ್ಳುತ್ತೀರಿ ಎಂದು ಕೈಮುಗಿದು ಕೇಳಿದೆ. ಮಾಸ್ತರರು ದನಿ ತಗ್ಗಿಸಿದರು.

"ಮನಿಯಾಕಿ ಕಾರು ಬೇಕು ಅನ್ನಾಕತ್ತಾಳ. ಯಾವುದೂ ನಂಬಂಗಿಲ್ಲ ಅಂತ ಆಕಿಗಿ ತೋರ್ಸಾಕ ಬೇಕಲ್ರಿ."

೩. ಮಾವನವರ ಪರೀಕ್ಷೆ

ವಡಗೇರಾದ ನನ್ನ ಮಾವನವರು ಗಾಡಿ ಕಲಿತದ್ದೇ ಮೊನ್ನೆ. ನನ್ನ ಅಂಗಡಿಯ ಪತ್ರಿಕೆ ನೋಡಿಯೇ ಹೊಸ ಕಾರು ತಂದರು. ಪೂಜೆ ಮುಗಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಒಡೆಸಿ, ನನ್ನನ್ನೂ ಹೆಂಡತಿಯನ್ನೂ ಊರ ಹೊರಗಿನ ಬಯಲಿಗೆ ಕರೆದೊಯ್ದರು. ಬ್ರೇಕ್ ಒತ್ತಿದಲ್ಲೇ ಗಾಡಿ ನಿಲ್ಲುತ್ತದೆ ಎಂಬ ಸಾಲಿನ ಮೇಲೆ ಬೆರಳಿಟ್ಟು, ಇದು ಖರೆಯೋ ಸುಳ್ಳೋ ಎಂದು ಕೇಳಿದರು. ಸುಳ್ಳು ಎಂದರೆ ನಾನು ಸುಳ್ಳು ಮಾರುವ ಅಳಿಯನಾಗುತ್ತೇನೆ. ಖರೆ ಎಂದೆ.

"ಹಂಗಾದ್ರ ಮುಂದ ನಿಂದರ್ರಿ, ಅಳಿಯಂದ್ರ. ಮಾರಿದವ್ರು ನೀವೇ ಅಲ್ಲೇನ್ರಿ."

ದಿಕ್ಕು ತೋಚದೆ ಹೆಂಡತಿಯ ಕಡೆ ನೋಡಿದೆ. ಅವಳು ಎಂದೂ ಅಪ್ಪನ ಮಾತು ಮೀರಿದವಳಲ್ಲ. ಹತ್ತಿರ ಬಂದು, ಕನ್ನಡಕ ಒಡೆದೀತು, ನನ್ನ ಕೈಗೆ ಕೊಡಿ ಎಂದಳು.

ಕೊಟ್ಟು ನಿಂತೆ. ಗಾಡಿ ಬರತೊಡಗಿತು. ಬೆಳಿಗ್ಗೆ ಅಪ್ಪಚ್ಚಿಯಾದ ನಿಂಬೆಹಣ್ಣು ಕಣ್ಣ ಮುಂದೆ ಬಂತು. ಮನೆದೇವರನ್ನು ನೆನೆದು ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಗಾಡಿ ಗೇಣು ದೂರದಲ್ಲಿ ನಿಂತಿತ್ತು. ಮಾವನವರು ಇಳಿದು ಬಂದು ಬೆನ್ನು ತಟ್ಟಿ, ಪತ್ರಿಕೆ ನಂಬುವಂಥದ್ದೇ ಎಂದು ಒಪ್ಪಿಕೊಂಡರು. ಬದುಕಿದೆನೆಂದು ಹೆಂಡತಿಯ ಮುಂದೆ ಕನ್ನಡಕಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಮಾವನವರು ಹಾಳೆ ತಿರುಗಿಸಿದರು.

"ಗುದ್ದಿದ್ರ ಒಳಗಿನ ಗಾಳಿ ಚೀಲ ಉಬ್ಬಿ ಜೀವ ಉಳಸ್ತದಂತ ಬರದಾರ್ರಿ. ಒಳಗ ಕುಂದರ್ರಿ, ಅಲ್ಲೊಂದು ಬೇವಿನ ಗಿಡ ಅದ. ಕನ್ನಡಕ ಆಕಿ ಕೈಯಾಗೇ ಇರ್ಲಿ."