ಒಂದು ವಾರದ ಲಿಫ್ಟು

ಗೇಮಿನೊಳಗಿನ ಲಿಫ್ಟು ಭೂಮಿಯಿಂದ ಹೊರಟು, ಮೇಷ್ಟ್ರು ಒಂದು ಸೀನು ಸೀನಿ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಬಾಹ್ಯಾಕಾಶ ಮುಟ್ಟಿಬಿಟ್ಟಿತು. ರಗಳೆ ಶುರುವಾದದ್ದೇ ಅಲ್ಲಿಂದ.

ಮೇಷ್ಟ್ರು ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ವಿಡಿಯೋ ಗೇಮ್ ಕಂಪನಿ ಅವರ ಅಕ್ಕನ ಮಗಳದು. ಭೂಮಿಗೆ ಕಟ್ಟಿದ ಹಗ್ಗ ಹಿಡಿದು ಬಾಹ್ಯಾಕಾಶಕ್ಕೆ ಹತ್ತುವ ಲಿಫ್ಟೇ ಅವಳ ಹೊಸ ಆಟದ ಜೀವ. ಅದರಲ್ಲಿ ವಿಜ್ಞಾನ ತಪ್ಪದಂತೆ ನೋಡಿಕೊಂಡರೆ, ಕೊನೆಗೆ ಪರದೆಯ ಮೇಲೆ ಮಾವನ ಹೆಸರು ಹಾಕುವುದಾಗಿ ಮಾತು ಕೊಟ್ಟಿದ್ದಳು. ಈ ಸುದ್ದಿಯನ್ನು ಮೇಷ್ಟ್ರು ಕ್ಷೌರದವನಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರಿಗೂ ಹೇಳಿ ಮುಗಿಸಿದ್ದರು. ಡಾಕ್ಟರಿಗೆ ಹೇಳುವಾಗ ಬಾಯಿ ತುಂಬ ಹತ್ತಿ ಇತ್ತು.

“ಇದೇನು ಲಿಫ್ಟೋ, ಫಿರಂಗಿಯೋ? ಒಳಗಿರೋರು ನೆಲಕ್ಕೆ ಅಂಟ್ಕೊಂಡು ಹೋಗ್ತಾರೆ. ಮೇಲೆ ಹತ್ತೋಕೆ ಒಂದು ವಾರ ಬೇಕು” ಅಂದರು.

ಆಫೀಸಿಗೆ ಆಫೀಸೇ ಬಂದು ಸುತ್ತುವರಿಯಿತು. ವಾರವಿಡೀ ಕಿಟಕಿಯಾಚೆ ಕತ್ತಲಲ್ಲದೆ ಏನು ಬಿಡಿಸಲಿ ಎಂದ ಚಿತ್ರಗಾರ. ತನ್ನ ಹಾಡು ಇರುವುದೇ ಮೂರು ನಿಮಿಷ ಎಂದ ಸಂಗೀತಗಾರ. ಹಾಗಾದರೆ ಮೆಟ್ಟಿಲೇ ಇಡೋಣ, ಕರೆಂಟಾದರೂ ಉಳಿಯುತ್ತದೆ ಎಂದ ಲೆಕ್ಕಪತ್ರದವನು. ಮೇಷ್ಟ್ರು ಹಿಡಿದ ಪಟ್ಟು ಬಿಡಲಿಲ್ಲ. ಸುಳ್ಳು ಲಿಫ್ಟಿಗೆ ನನ್ನ ಹೆಸರು ಬೇಡ ಎಂದು ಕೊಡೆ ಹಿಡಿದು ಎದ್ದೇಬಿಟ್ಟರು. ಅಕ್ಕನ ಮಗಳು ತಲೆ ಚಚ್ಚಿಕೊಂಡು ಒಪ್ಪಿದಳು.

ಮಧ್ಯಾಹ್ನದ ಹೊತ್ತಿಗೆ ಲಿಫ್ಟು ಬಸವನಹುಳುವಿನಂತೆ ಹತ್ತತೊಡಗಿತು. ಏರಿದಂತೆಲ್ಲ ಪ್ರಯಾಣಿಕರ ತೂಕ ಕೂದಲೆಳೆಯಷ್ಟೇ ಕಡಿಮೆಯಾಗುವುದನ್ನು ನೋಡಿ ಮೇಷ್ಟ್ರ ಎದೆ ಉಬ್ಬಿತು, ಕಣ್ಣು ತುಂಬಿತು. ಹೆಂಡತಿಗೆ ಫೋನು ಮಾಡಿದರು. ಪಕ್ಕದ ಮನೆಗೆ ಮಾಡಿದರು. ಇನ್ನೂ ಸಮಾಧಾನವಾಗದೆ, ಆಟ ನೋಡಿ ಬಹುಮಾನ ತೀರ್ಮಾನಿಸಲು ಸಂಜೆ ಬರಲಿದ್ದ ಸ್ಪರ್ಧೆಯವರಿಗೂ ಮಾಡಿ ಕೊಚ್ಚಿಕೊಂಡರು.

ಸಂಜೆಯಾಗುತ್ತಲೇ ಅಕ್ಕನ ಮಗಳು ಪಕ್ಕಕ್ಕೆ ಕರೆದಳು. ನಿದ್ದೆಗೆಟ್ಟು ಅವಳ ಕಣ್ಣು ಕೆಂಪಾಗಿದ್ದವು.

“ಮಾವಾ, ತೀರ್ಪುಗಾರರು ಬರ್ತಿದಾರೆ. ಅವರು ಆಕಳಿಸಿದ್ರೆ ಮುಗೀತು. ಈ ಬಹುಮಾನ ಬರದಿದ್ರೆ ನಾನು ಕಂಪನಿ ಮುಚ್ಚಬೇಕು.”

ತೊಡೆಯ ಮೇಲೆ ಕೂರಿಸಿಕೊಂಡು ಮಗ್ಗಿ ಕಲಿಸಿದ ಹುಡುಗಿ. ಮೇಷ್ಟ್ರು ಅವಳ ತಲೆ ಸವರಿದರು.

“ಒಂದು ನಿಮಿಷಕ್ಕೆ ಇಳಿಸಮ್ಮಾ. ವಿಜ್ಞಾನಕ್ಕೆ ನಾನು ಸಮಾಧಾನ ಹೇಳ್ಕೋತೀನಿ” ಅಂದರು.

ಅವಳು ಮಾವನನ್ನು ತಬ್ಬಿಕೊಂಡಳು. ಓಡಿಹೋಗಿ ಲಿಫ್ಟಿಗೆ ವೇಗ ಕೊಟ್ಟಳು, ಋಣ ತೀರಿಸಲೆಂದು ಕೊನೆಯಲ್ಲಿ ಬರುವ ಅವರ ಹೆಸರನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿದಳು.

ತೀರ್ಪುಗಾರರು ವಯಸ್ಸಾದ ಹೆಂಗಸು. ದೊಡ್ಡದೊಂದು ಸೂಟ್‌ಕೇಸು ಎಳೆದುಕೊಂಡೇ ಒಳಗೆ ಬಂದರು. ಗಡಿಬಿಡಿಯಲ್ಲಿ ಅದೇಕೆಂದು ಯಾರೂ ಕೇಳಲಿಲ್ಲ. ಕೂತರು, ಗುಂಡಿ ಒತ್ತಿದರು, ಲಿಫ್ಟು ಭರ್ರೆಂದು ಹೋಗಿ ಬಾಹ್ಯಾಕಾಶದಲ್ಲಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆ ಮಾತ್ರ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

“ಬಂದೇಬಿಡ್ತಾ? ನಿಯಮ ಯಾರೂ ಓದ್ಲೇ ಇಲ್ವಾ? ನಮ್ಮ ಬಹುಮಾನ ಇರೋದೇ ವಿಜ್ಞಾನ ಸುಳ್ಳಾಗದಿರೋ ಆಟಕ್ಕೆ. ಇಲ್ಲಿನ ಲಿಫ್ಟು ನಿಜವಾಗ್ಲೂ ಒಂದು ವಾರ ಹತ್ತುತ್ತೆ ಅಂತ ಮಧ್ಯಾಹ್ನ ಯಾರೋ ಫೋನಲ್ಲಿ ಎಷ್ಟು ಹೆಮ್ಮೆಯಿಂದ ಹೇಳಿದ್ರು. ವಾರ ರಜೆ ಹಾಕಿ ದಿಂಬು ಸಮೇತ ಬಂದಿದೀನಿ. ಇದನ್ನ ಹೀಗೆ ಕೆಡಿಸಿದೋರು ಯಾರು?”

ಯಾರೂ ಬಾಯಿ ಬಿಡುವ ಅಗತ್ಯವೇ ಬೀಳಲಿಲ್ಲ. ಆಟ ಮುಗಿದು, ‘ವಿಜ್ಞಾನ ಸಲಹೆ’ ಎಂಬುದರ ಕೆಳಗೆ ಮೇಷ್ಟ್ರ ಪೂರ್ತಿ ಹೆಸರು ಗೋಡೆಯಿಂದ ಗೋಡೆಗೆ ಮಿನುಗತೊಡಗಿತು. ಅದು ಮಾತ್ರ ಅಲ್ಲಿಂದ ಜಪ್ಪಯ್ಯ ಅಂದರೂ ಕದಲಲಿಲ್ಲ.